ರಾಯರು, ನಾಯಕರು, ಪಾಳೆಯಗಾರರು: ವಿಜಯನಗರದ ಒಳಜಗಳ ಕುರಿತ ಐದು ವಾದಗಳು

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯನ್ನು ನಡುವೆ ಇಟ್ಟುಕೊಂಡು ಭೂಪಟ ನೋಡಿದರೆ ಉತ್ತರಕ್ಕೆ ಹಂಪಿ, ದಕ್ಷಿಣಕ್ಕೆ ಚಿತ್ರದುರ್ಗ, ಪಶ್ಚಿಮಕ್ಕೆ ಹರಪನಹಳ್ಳಿ, ಪೂರ್ವದ ಕಡೆಗೆ ರಾಯದುರ್ಗ ಸಿಗುತ್ತವೆ. ಹಂಪಿ ರಾಯರ ವಿಜಯನಗರ ಸಾಮ್ರಾಜ್ಯದ ರಾಜಧಾನಿ. ಉಳಿದವು, ಗುಡೇಕೋಟೆಯೂ ಸೇರಿದಂತೆ, ಪಾಳೆಯಪಟ್ಟುಗಳು, ಅಂದರೆ ಪಾಳೆಯಗಾರರೆಂಬ ಸ್ಥಳೀಯ ನಾಯಕರು ಆಳಿದ ಸೀಮೆಗಳು. 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ಹೊಸ ಜಿಲ್ಲೆಗೆ ವಿಜಯನಗರ ಎಂದು ಹೆಸರಿಟ್ಟಿದ್ದೇವೆ. ಆದರೆ ಜಿಲ್ಲೆಯ ದಕ್ಷಿಣ ತಾಲ್ಲೂಕುಗಳ ಜನ ತಮ್ಮೂರಿನ ಕಥೆ ಹೇಳಹೊರಟರೆ ಮೊದಲು ಬರುವುದು ರಾಯರ ಹೆಸರಲ್ಲ, ಗುಡೇಕೋಟೆ, ಜರಿಮಲೆ, ಹರಪನಹಳ್ಳಿಗಳ ಪಾಳೆಯಗಾರರ ಹೆಸರು.

ಒಂದೇ ನೆಲದಲ್ಲಿ ಬದುಕಿರುವ ಈ ಎರಡು ನೆನಪುಗಳ ಹಿಂದೆ ಹಳೆಯದೊಂದು ಪ್ರಶ್ನೆ ಇದೆ. ರಾಯನಿಗೂ ಅವನ ನಾಯಕರಿಗೂ ಇದ್ದ ಸಂಬಂಧ ಎಂಥದು? ಸಾಮ್ರಾಜ್ಯವನ್ನು ಕಟ್ಟಿದವರು ಅವರೋ, ಕೆಡವಿದವರು ಅವರೋ? ನೂರಿಪ್ಪತ್ತು ವರ್ಷಗಳಿಂದ ಇತಿಹಾಸಕಾರರು ಇದಕ್ಕೆ ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ. ಆ ಉತ್ತರಗಳನ್ನು ಒಂದೆಡೆ ಇಟ್ಟು, ಯಾವುದು ಏನನ್ನು ವಿವರಿಸುತ್ತದೆ, ಎಲ್ಲಿ ಸೋಲುತ್ತದೆ ಎಂದು ತೂಗಿ ನೋಡುವುದು ಈ ಲೇಖನದ ಕೆಲಸ.

ಜಗಳದ ಚರಿತ್ರೆ

1336ರಲ್ಲಿ ಸ್ಥಾಪನೆಯಾಯಿತೆಂದು ಸಾಮಾನ್ಯವಾಗಿ ಹೇಳುವ ವಿಜಯನಗರವನ್ನು ನಾಲ್ಕು ವಂಶಗಳು ಆಳಿದವು. ಸಂಗಮರ ನಂತರದ ಮೂರೂ ವಂಶಗಳು ಅರಸರ ಸೇವೆಯಲ್ಲಿದ್ದ ದಂಡನಾಯಕರ ಮನೆಗಳಿಂದಲೇ ಬಂದವು ಎಂಬುದನ್ನು ಗಮನಿಸಬೇಕು. ಚಂದ್ರಗಿರಿಯ ಸಾಳುವ ನರಸಿಂಹ ಸುಮಾರು 1485ರಲ್ಲಿ ಸಂಗಮರ ಕೊನೆಯ ಅರಸನನ್ನು ಓಡಿಸಿ ಗದ್ದುಗೆ ಏರಿದ. 1491ರಲ್ಲಿ ಅವನು ತೀರಿಕೊಂಡಾಗ ಎಳೆಯ ಮಕ್ಕಳನ್ನು ದಂಡನಾಯಕ ತುಳುವ ನರಸನಾಯಕನ ಕೈಗೆ ಒಪ್ಪಿಸಿದ. ನರಸನಾಯಕ ರಾಜ್ಯದ ಆಡಳಿತವನ್ನು ತಾನೇ ನಡೆಸಿದ. ಅವನ ಮಗ ವೀರನರಸಿಂಹ 1505ರಲ್ಲಿ ಸಿಂಹಾಸನವನ್ನೇ ತೆಗೆದುಕೊಂಡ. ಮುಂದೆ ತುಳುವರಿಗೂ ಅದೇ ಗತಿಯಾಯಿತು. ಸದಾಶಿವರಾಯ ಹೆಸರಿಗೆ ಅರಸನಾಗಿದ್ದರೂ ಆಳಿದವನು ಅಳಿಯ ರಾಮರಾಯ. ದಖ್ಖನಿನ ಸುಲ್ತಾನರ ಎದುರಿನ 1565ರ ರಕ್ಕಸತಂಗಡಿ ಯುದ್ಧದಲ್ಲಿ ರಾಮರಾಯ ಸತ್ತ ಮೇಲೆ ಅವನ ತಮ್ಮ ತಿರುಮಲ ಪೆನುಗೊಂಡೆಗೆ ಹೋಗಿ 1570ರ ಹೊತ್ತಿಗೆ ಅರವೀಡು ವಂಶದ ಹೆಸರಿನಲ್ಲಿ ಪಟ್ಟಾಭಿಷಿಕ್ತನಾದ.

ಗದ್ದುಗೆ ಹಿಡಿಯದೆ ದಂಗೆ ಎದ್ದವರ ಪಟ್ಟಿ ಇನ್ನೂ ಉದ್ದವಿದೆ. ಉಮ್ಮತ್ತೂರಿನ ಗಂಗರಾಜ ವೀರನರಸಿಂಹನಿಗೆ ಜಗ್ಗಲಿಲ್ಲ. 1509ರಲ್ಲಿ ಪಟ್ಟಕ್ಕೆ ಬಂದ ಕೃಷ್ಣದೇವರಾಯನ ಮೊದಲ ದಂಡಯಾತ್ರೆಗಳಲ್ಲಿ ಒಂದು ಅವನ ಮೇಲೆಯೇ ನಡೆಯಿತು. ಶಿವನಸಮುದ್ರದ ಕೋಟೆ ಆಗ ಬಿದ್ದಿತು. ಅಚ್ಯುತರಾಯನ ಕಾಲದಲ್ಲಿ ತಮಿಳುನಾಡಿನ ದೊಡ್ಡ ನಾಯಕ ಸೆಲ್ಲಪ್ಪ ತಿರುವಾಂಕೂರಿನ ಅರಸನ ಬೆಂಬಲ ಪಡೆದು ಬಂಡೆದ್ದ. ಯಲಹಂಕದ ಕೆಂಪೇಗೌಡ ತನ್ನದೇ ನಾಣ್ಯ ಹಾಕಿಸಿದ್ದಕ್ಕಾಗಿ ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿದ್ದ ಎಂದು ಪರಂಪರೆ ಹೇಳುತ್ತದೆ. 1610ರಲ್ಲಿ ಮೈಸೂರಿನ ರಾಜ ಒಡೆಯ ರಾಯರ ಪ್ರತಿನಿಧಿಯಿಂದ ಶ್ರೀರಂಗಪಟ್ಟಣವನ್ನು ಕಿತ್ತುಕೊಂಡ. 1612ರಲ್ಲಿ ವೆಂಕಟಪತಿರಾಯ ಅದನ್ನು ದಾನಶಾಸನದ ಮೂಲಕ ಒಪ್ಪಿಕೊಳ್ಳಬೇಕಾಯಿತು. 1614ರಲ್ಲಿ ವೆಂಕಟಪತಿ ಸತ್ತ ಕೂಡಲೇ ಉತ್ತರಾಧಿಕಾರದ ಯುದ್ಧ ಹೊತ್ತಿಕೊಂಡಿತು. ಸರದಾರ ಜಗ್ಗರಾಯ ಹೊಸ ಅರಸನ ಕುಟುಂಬವನ್ನೇ ಕೊಲ್ಲಿಸಿದ. ಬದುಕುಳಿದ ರಾಜಕುಮಾರನ ಪರವಾಗಿ ಇನ್ನೊಬ್ಬ ಸರದಾರ ಯಾಚಮನಾಯಕ ನಿಂತ. ಎರಡೂ ಪಕ್ಷಗಳ ಹಿಂದೆ ತಮಿಳುನಾಡಿನ ನಾಯಕರು ಸೇರಿ ತೋಪೂರಿನಲ್ಲಿ ಕಾದಾಡಿದರು.

ರಾಯ ಕೊಟ್ಟದ್ದು, ನಾಯಕ ಒಪ್ಪಿಸಿದ್ದು

ಇಷ್ಟೊಂದು ಜಗಳ ಹುಟ್ಟಿದ ವ್ಯವಸ್ಥೆಯ ಒಳಗನ್ನು ತೋರಿಸುವ ಅತಿ ಮುಖ್ಯ ಸಾಕ್ಷಿ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್‌ನದು. ಸುಮಾರು 1535ರಲ್ಲಿ ವಿಜಯನಗರದಲ್ಲಿದ್ದ ಅವನ ಪ್ರಕಾರ ಅರಸನ ಕೈಕೆಳಗೆ ಇನ್ನೂರಕ್ಕೂ ಹೆಚ್ಚು ದಂಡನಾಯಕರಿದ್ದರು. ಭೂಮಿಯೆಲ್ಲ ಅರಸನದು, ನಾಯಕರಿಗೆ ಅದು ಕಂದಾಯಕ್ಕೂ ದಂಡಿಗೂ ಪ್ರತಿಯಾಗಿ ಸಿಕ್ಕಿದ್ದು. ಇಂಥ ಸೀಮೆಯನ್ನು ಕನ್ನಡ ಶಾಸನಗಳು ಅಮರಮಾಗಣಿ, ನಾಯಕತನದ ಸೀಮೆ ಎಂದು ಕರೆಯುತ್ತವೆ. ಎಲ್ಲ ನಾಯಕರ ಒಟ್ಟು ಆದಾಯ 120 ಲಕ್ಷ ಹೊನ್ನು, ಅದರಲ್ಲಿ ಅರಸನಿಗೆ ಸಲ್ಲುತ್ತಿದ್ದದ್ದು 60 ಲಕ್ಷ ಎಂಬುದು ಅವನ ಲೆಕ್ಕ. ಈ ಹಣ ಸಲ್ಲುತ್ತಿದ್ದದ್ದು ಮಹಾನವಮಿಯ ಸಮಯದಲ್ಲಿ. ಹಂಪಿಯ ಮಹಾನವಮಿ ದಿಬ್ಬದ ಎದುರು ನಡೆಯುತ್ತಿದ್ದ ಒಂಬತ್ತು ದಿನಗಳ ಹಬ್ಬ ದೇವಿಯ ಪೂಜೆಯಾಗಿತ್ತು, ದಂಡಿನ ತಪಾಸಣೆಯಾಗಿತ್ತು, ವರ್ಷದ ಲೆಕ್ಕ ಒಪ್ಪಿಸುವ ದಿನವೂ ಆಗಿತ್ತು.

ನೂನಿಜ್ ಹೆಸರಿಸುವ ಸಾಳುವ ನಾಯಕನ ಆದಾಯ 11 ಲಕ್ಷ ಹೊನ್ನು. ಅದರಲ್ಲಿ ಮೂರನೆಯ ಒಂದು ಭಾಗ ಅರಸನಿಗೆ. ಉಳಿದದ್ದರಲ್ಲಿ ಅವನು 30,000 ಕಾಲಾಳು, 3,000 ಕುದುರೆ, 30 ಆನೆ ಸಾಕಬೇಕು. ಆದರೆ ಅವನು ಎಂದೂ ಪೂರ್ತಿ ದಂಡನ್ನು ಇಟ್ಟುಕೊಳ್ಳುತ್ತಿರಲಿಲ್ಲ, ಉಳಿಸಿದ ಹಣದಿಂದಲೇ ಶ್ರೀಮಂತನಾದ, ಅರಸ ಮಾತ್ರ ಮನಸ್ಸು ಬಂದಾಗ ಈ ದೊರೆಗಳ ಆಸ್ತಿಯನ್ನು ಕಿತ್ತುಕೊಳ್ಳಬಲ್ಲವನಾಗಿದ್ದ ಎಂದು ನೂನಿಜ್ ಸೇರಿಸುತ್ತಾನೆ. ಅಚ್ಯುತರಾಯನ ಮೇಲೆ ದಂಗೆ ಎದ್ದ ಸೆಲ್ಲಪ್ಪ ಈ ಸಾಳುವ ನಾಯಕನೇ ಎಂದು ಹಲವು ಇತಿಹಾಸಕಾರರು ಗುರುತಿಸಿದ್ದಾರೆ. ಜಗಳದ ಮೂಲ ಇಲ್ಲಿ ಬಯಲಾಗಿಯೇ ಕಾಣುತ್ತದೆ. ದಂಡು ಕಡಿಮೆ ಇಟ್ಟಷ್ಟೂ ನಾಯಕನಿಗೆ ಲಾಭ. ಸೀಮೆ ಕಿತ್ತುಕೊಳ್ಳುವ ಹೆದರಿಕೆ ಇದ್ದರಷ್ಟೇ ಅರಸನಿಗೆ ಬಲ.

ಮೊದಲ ವಾದ: ಯುದ್ಧಕ್ಕಾಗಿ ನಿಂತ ರಾಜ್ಯ

1900ರಲ್ಲಿ ರಾಬರ್ಟ್ ಸೀವೆಲ್ ನೂನಿಜ್ ಮತ್ತು ಇನ್ನೊಬ್ಬ ಪೋರ್ಚುಗೀಸ್ ಪ್ರವಾಸಿ ಪಾಯೆಸ್‌ರ ಬರಹಗಳನ್ನು ಇಂಗ್ಲಿಷಿಗೆ ತಂದು ವಿಜಯನಗರವನ್ನು ಮರೆತುಹೋದ ಸಾಮ್ರಾಜ್ಯ ಎಂದು ಕರೆದ. ಆ ಬಳಿಕ ಎಸ್. ಕೃಷ್ಣಸ್ವಾಮಿ ಅಯ್ಯಂಗಾರ್, ಬಿ.ಎ. ಸಾಲೆತೊರೆ, ಕೆ.ಎ. ನೀಲಕಂಠ ಶಾಸ್ತ್ರಿ ಇವರ ತಲೆಮಾರು ಅದನ್ನು ದಕ್ಷಿಣದ ಧರ್ಮವನ್ನು ಕಾಯಲು ಹುಟ್ಟಿದ ರಾಜ್ಯವಾಗಿ ಕಂಡಿತು. ಯುದ್ಧಕ್ಕಾಗಿಯೇ ಸಜ್ಜುಗೊಂಡ ರಾಜ್ಯ ಎಂಬುದು ಶಾಸ್ತ್ರಿಗಳ ನಿಲುವು. ಈ ನೋಟದಲ್ಲಿ ನಾಯಕ ಅರಸನ ದಂಡಿನ ಒಂದು ಅಂಗ. ನಿಷ್ಠೆ ಅವನ ಸಹಜ ಸ್ಥಿತಿ. ದಂಗೆ ಎಂದರೆ ದ್ರೋಹ, ಅಥವಾ ಅರಸನ ದೌರ್ಬಲ್ಯದ ಫಲ.

ಮಹಾನವಮಿಯ ವೈಭವ, ಸುಲ್ತಾನರ ಎದುರಿನ ಸತತ ಸಿದ್ಧತೆ, ಕೋಟೆಗಳ ಜಾಲ ಇವೆಲ್ಲಕ್ಕೆ ಈ ವಾದ ಕಾರಣ ಕೊಡುತ್ತದೆ. ಆದರೆ ವಂಶ ಬದಲಾವಣೆಗಳೆಲ್ಲ ಒಳಗಿನಿಂದಲೇ ಏಕಾದವು ಎಂಬುದಕ್ಕೆ ಅದರ ಬಳಿ ಉತ್ತರವಿಲ್ಲ. ರಾಮರಾಯ ಒಬ್ಬ ಸುಲ್ತಾನನ ಜೊತೆ ಸೇರಿ ಇನ್ನೊಬ್ಬನ ಮೇಲೆ ಹೋದದ್ದು, ಅವನ ದಂಡಿನಲ್ಲಿ ಮುಸ್ಲಿಂ ಸರದಾರರಿದ್ದದ್ದು ಕೂಡ ಈ ಚೌಕಟ್ಟಿಗೆ ಹೊಂದುವುದಿಲ್ಲ.

ಎರಡನೆಯ ವಾದ: ಊಳಿಗಮಾನ್ಯದ ಮೆಟ್ಟಿಲುಗಳು

ಭೂಮಿ ಕೊಟ್ಟು ಸೇವೆ ಪಡೆಯುವ ಪದ್ಧತಿಯನ್ನು ನೋಡಿದವರಿಗೆ ಯುರೋಪಿನ ಊಳಿಗಮಾನ್ಯ ನೆನಪಾದದ್ದು ಸಹಜ. ಎನ್. ವೆಂಕಟರಮಣಯ್ಯ 1935ರಷ್ಟು ಹಿಂದೆಯೇ ಎಚ್ಚರಿಕೆಯ ಮಾತು ಆಡಿದ್ದರು: ನಾಯಕನ ಹಕ್ಕು ಷರತ್ತಿಗೆ ಒಳಪಟ್ಟದ್ದು, ಅರಸ ಅದನ್ನು ಹಿಂಪಡೆಯಬಲ್ಲ, ಆದ್ದರಿಂದ ಅದು ಯುರೋಪಿನ ಜಹಗೀರಿಗೆ ಸಮನಲ್ಲ. ಮುಂದೆ ಎ. ಕೃಷ್ಣಸ್ವಾಮಿ ಸೈನಿಕ ಊಳಿಗಮಾನ್ಯ ಎಂಬ ಮಾತಿಗೆ ಒತ್ತುಕೊಟ್ಟರು. ಈ ವಾದಕ್ಕೆ ಗಟ್ಟಿ ತಳಪಾಯ ಹಾಕಿದವರು ಜಪಾನಿನ ವಿದ್ವಾಂಸ ನೊಬೊರು ಕರಾಷಿಮಾ. ತಮಿಳುನಾಡಿನ ನಾಯಕರ ಶಾಸನಗಳನ್ನು ಒಂದೊಂದಾಗಿ ಕೂಡಿಸಿ, ಹದಿನೈದನೆಯ ಶತಮಾನದ ಕೊನೆಯಿಂದ ನಾಯಕರು ಹೆಚ್ಚಾಗಿ ಕಾಣಿಸತೊಡಗುತ್ತಾರೆ, ರಾಯನಿಂದ ಪಡೆದ ಸೀಮೆಯನ್ನು ತಮ್ಮ ಕೈಕೆಳಗಿನವರಿಗೆ ಹಂಚುತ್ತಾರೆ, ಊರಿನ ಹಳೆಯ ಭೂಹಿಡುವಳಿದಾರರ ಮೇಲೆ ಹಿಡಿತ ಸಾಧಿಸುತ್ತಾರೆ ಎಂದು ಅವರು ತೋರಿಸಿದರು.

ರಾಯನಿಗೂ ನಾಯಕನಿಗೂ ನಡುವಿನ ಜಗಳದ ಭಾರವನ್ನು ಹೊತ್ತವರು ಉಳುವವರು ಮತ್ತು ಕಸುಬಿನವರು ಎಂಬ ಸಂಗತಿ ಈ ವಾದದಿಂದಾಗಿ ಬೆಳಕಿಗೆ ಬಂತು. ಕರಾಷಿಮಾ ಮತ್ತು ವೈ. ಸುಬ್ಬರಾಯಲು ಒಟ್ಟಾಗಿ ಅಭ್ಯಸಿಸಿದ 1429ರ ತಮಿಳು ಶಾಸನಗಳು ಇದಕ್ಕೆ ಸಾಕ್ಷಿ. ಬಲಗೈ ಮತ್ತು ಎಡಗೈ ಎಂಬ ಎರಡು ಜಾತಿ ಪಂಗಡಗಳವರು ಒಂದಾಗಿ, ಅರಸನ ಅಧಿಕಾರಿಗಳೂ ಭೂಮಾಲೀಕರೂ ಹೇರಿದ ಅನ್ಯಾಯದ ತೆರಿಗೆ ಕೊಡುವುದಿಲ್ಲ ಎಂದು ತೀರ್ಮಾನಿಸಿ ಕಲ್ಲಿನ ಮೇಲೆ ಕೆತ್ತಿಸಿದರು. ಈ ವಾದದ ಮಿತಿ ಎಂದರೆ ಅದರ ಆಧಾರವೆಲ್ಲ ಹೆಚ್ಚಾಗಿ ತಮಿಳು ಬಯಲುಸೀಮೆಯದು. ಮಳೆ ಕಡಿಮೆ, ಬಂಡೆ ಹೆಚ್ಚು, ಹೊಲಕ್ಕಿಂತ ಕುರಿಮಂದೆಗೂ ಬೇಟೆಗೂ ಒಗ್ಗಿದ ಕೂಡ್ಲಿಗಿಯಂಥ ನೆಲಕ್ಕೆ ಅದನ್ನು ಹಾಗೆಯೇ ಅನ್ವಯಿಸಲಾಗದು.

ಮೂರನೆಯ ವಾದ: ಹೆಸರಿಗೆ ಒಬ್ಬ ಅರಸ, ಆಳುವವರು ಹಲವರು

ಬರ್ಟನ್ ಸ್ಟೈನ್ 1980ರಲ್ಲಿ ಇಡೀ ಚರ್ಚೆಯ ದಿಕ್ಕನ್ನೇ ಬದಲಿಸಿದರು. ಮಧ್ಯಕಾಲದ ದಕ್ಷಿಣ ಭಾರತದಲ್ಲಿ ಅರಸನ ನಿಜವಾದ ಆಡಳಿತ ರಾಜಧಾನಿಯ ಸುತ್ತಲಿನ ಸೀಮೆಗಷ್ಟೇ ಸಲ್ಲುತ್ತಿತ್ತು, ಅದರಾಚೆ ಅವನದು ವಿಧಿಪೂರ್ವಕ ಒಡೆತನ ಮಾತ್ರ, ಪ್ರತಿ ಸೀಮೆಯಲ್ಲೂ ಅದರದೇ ಪೂರ್ಣ ಅಧಿಕಾರವಿತ್ತು ಎಂದರು. ಹಾಗಿದ್ದರೆ ನಾಯಕ ಬಂಡೆದ್ದ ಎನ್ನುವುದಕ್ಕೂ ಹೆಚ್ಚಿನ ಅರ್ಥ ಉಳಿಯುವುದಿಲ್ಲ, ಏಕೆಂದರೆ ಅವನು ಮೊದಲಿನಿಂದಲೂ ಅರೆ ಸ್ವತಂತ್ರ.

ಈ ವಾದಕ್ಕೆ ಕಟು ಟೀಕೆ ಬಂತು. ನಿಯಮಿತವಾಗಿ ಹಣ ಒಪ್ಪಿಸುತ್ತಿದ್ದವರನ್ನು ಬರಿ ವಿಧಿಯ ಅಧೀನರು ಎನ್ನುವುದು ಹೇಗೆ ಎಂಬ ಪ್ರಶ್ನೆಗೆ ಸ್ಟೈನ್ ಕಿವಿಗೊಟ್ಟರು. 1989ರ ವಿಜಯನಗರ ಕುರಿತ ಪುಸ್ತಕದಲ್ಲಿ ಅವರು ಕೃಷ್ಣದೇವರಾಯನ ಕಾಲವನ್ನು ಹೊಸದಾಗಿ ಓದಿದರು. ದೊಡ್ಡ ನಾಯಕರನ್ನು ಹದ್ದಿನಲ್ಲಿಡಲು ಅರಸ ಎರಡು ಉಪಾಯ ಮಾಡಿದ ಎಂಬುದು ಅವರ ವಿವರಣೆ. ಕೋಟೆಗಳನ್ನು ಬ್ರಾಹ್ಮಣ ದುರ್ಗಾಧಿಪತಿಗಳಿಗೆ ವಹಿಸಿದ. ಕೃಷ್ಣದೇವರಾಯನ ತೆಲುಗು ಕಾವ್ಯ ಆಮುಕ್ತಮಾಲ್ಯದದ ರಾಜನೀತಿಯ ಭಾಗ ಇದನ್ನೇ ಉಪದೇಶಿಸುತ್ತದೆ. ಎರಡನೆಯದಾಗಿ, ಕಾಡು ಮತ್ತು ಗುಡ್ಡಗಾಡಿನ ಜನರಿಂದ ಸಣ್ಣ ಮುಖಂಡರನ್ನು ಆರಿಸಿ ಸೇನೆಗೆ ಸೇರಿಸಿಕೊಂಡ.

ಗುಡೇಕೋಟೆ, ಜರಿಮಲೆ, ಚಿತ್ರದುರ್ಗಗಳ ಬೇಡ ನಾಯಕರನ್ನು ಬಲ್ಲ ಓದುಗರಿಗೆ ಈ ಎರಡನೆಯ ಉಪಾಯ ಕೂಡಲೇ ಗುರುತು ಸಿಗುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ಚರ್ಚೆಯ ಕೀಲಿ ಇಲ್ಲಿದೆ. ಪಾಳೆಯಗಾರನನ್ನು ಸಾಮ್ರಾಜ್ಯ ಬಿದ್ದ ಮೇಲೆ ತಲೆ ಎತ್ತಿದ ಪುಂಡನೆಂದು ನೋಡುವುದು ರೂಢಿ. ಆದರೆ ದೊಡ್ಡ ನಾಯಕರ ಎದುರು ತೂಕಕ್ಕಾಗಿ ರಾಯನೇ ಅವನನ್ನು ಬೆಳೆಸಿದ್ದರೆ, ಆಗ ಜಗಳ ಇಬ್ಬರದಲ್ಲ, ಮೂವರದು: ರಾಯ, ದೊಡ್ಡ ನಾಯಕ, ಗುಡ್ಡದ ಪಾಳೆಯಗಾರ. ಮೂರನೆಯವನನ್ನು ಬಿಟ್ಟು ಬರೆದ ಚರಿತ್ರೆ ಅಪೂರ್ಣ.

ನಾಲ್ಕನೆಯ ವಾದ: ಹಣ, ಕುದುರೆ, ಮಾನಮರ್ಯಾದೆ

1987ರಲ್ಲಿ ನಿಕೊಲಾಸ್ ಡರ್ಕ್ಸ್ ಪುದುಕೋಟ್ಟೈ ಕುರಿತು ಬರೆದಾಗ ಅರಸ ಮತ್ತು ಪಾಳೆಯಗಾರರನ್ನು ಕಟ್ಟಿದ್ದು ಕೊಡುಗೆ ಎಂದರು. ಬಿರುದು, ಪಲ್ಲಕ್ಕಿ, ಧ್ವಜ, ಭೂಮಿ ಇವುಗಳ ಮೂಲಕ ಅರಸ ತನ್ನ ಒಡೆತನದಲ್ಲಿ ಒಂದು ಪಾಲನ್ನು ಹಂಚುತ್ತಿದ್ದ. ಫಿಲಿಪ್ ವ್ಯಾಗನರ್ ರಾಯವಾಚಕಮು ಎಂಬ ತೆಲುಗು ಗದ್ಯವನ್ನು ಅಭ್ಯಸಿಸಿ, ಅದು ಕೃಷ್ಣದೇವರಾಯನ ಕಾಲದ್ದಲ್ಲ, ಸುಮಾರು 1600ರಲ್ಲಿ ಮಧುರೆಯ ನಾಯಕರ ಆಸ್ಥಾನದಲ್ಲಿ ರಚಿತವಾದದ್ದು ಎಂದು ವಾದಿಸಿದರು. ಬಹುಮಟ್ಟಿಗೆ ಸ್ವತಂತ್ರರಾದ ನಾಯಕರೇ ಹಳೆಯ ರಾಯನ ವೈಭವವನ್ನು ಬರೆಸಿಕೊಂಡರು ಎಂದರೆ, ರಾಯನ ಹೆಸರಿಲ್ಲದೆ ತಮ್ಮ ಅಧಿಕಾರಕ್ಕೆ ಮರ್ಯಾದೆ ಇಲ್ಲ ಎಂದು ಅವರಿಗೆ ಗೊತ್ತಿತ್ತು. ಕೆಳದಿಯ ಶಿವಪ್ಪನಾಯಕ ರಾಜ್ಯ ಕಳೆದುಕೊಂಡ ಮೂರನೆಯ ಶ್ರೀರಂಗರಾಯನಿಗೆ ಬೇಲೂರಿನಲ್ಲಿ ಆಶ್ರಯ ಕೊಟ್ಟು, ಅವನ ಹೆಸರಿನಲ್ಲಿಯೇ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಹೋದದ್ದನ್ನು ಈ ಬೆಳಕಿನಲ್ಲಿ ಓದಬೇಕು.

ಇದೇ ಗುಂಪಿನ ವೆಲ್ಚೇರು ನಾರಾಯಣ ರಾವ್, ಡೇವಿಡ್ ಶುಲ್ಮನ್, ಸಂಜಯ್ ಸುಬ್ರಹ್ಮಣ್ಯಂ 1992ರಲ್ಲಿ ನಾಯಕರ ಕಾಲದ ಹೊಸ ಸಂಪತ್ತಿನ ಕಡೆ ಬೆರಳು ಮಾಡಿದರು. ಕರಾವಳಿಯ ವ್ಯಾಪಾರ, ನಗದು ಹಣ, ಕೋವಿ ಮದ್ದು ಇವೆಲ್ಲ ಹರಿದುಬರುತ್ತಿದ್ದಾಗ ವಂಶದ ಹಳೆಯ ಹಿರಿಮೆ ಇಲ್ಲದವನೂ ದೊರೆಯಾಗಬಹುದಿತ್ತು. ಜಗಳಗಳು ಹದಿನಾರನೆಯ ಶತಮಾನದಲ್ಲಿ ಏಕೆ ತೀವ್ರವಾದವು ಎಂಬುದಕ್ಕೆ ಈ ವಾದ ಚೆನ್ನಾಗಿ ಉತ್ತರಿಸುತ್ತದೆ. ಆದರೆ ಸಮುದ್ರದಿಂದ ದೂರ ಇದ್ದು, ಬರದ ನಾಡಿನಲ್ಲಿ ಕೋಟೆ ಕಟ್ಟಿದವರ ಬಗ್ಗೆ ಅದು ಹೇಳುವುದು ಕಡಿಮೆ.

ಐದನೆಯ ವಾದ: ಪಾಳೆಯಪಟ್ಟಿನ ಒಳಗಿನಿಂದ

ಕನ್ನಡದಲ್ಲಿ ಬೆಳೆದ ಅಧ್ಯಯನ ಇನ್ನೊಂದು ತುದಿಯಿಂದ ಹೊರಟಿತು. ಎಂ.ಎಸ್. ಪುಟ್ಟಣ್ಣನವರ ‘ಚಿತ್ರದುರ್ಗದ ಪಾಳಯಗಾರರು’, ಹುಲ್ಲೂರು ಶ್ರೀನಿವಾಸ ಜೋಯಿಸರ ಶೋಧ, ಲಕ್ಷ್ಮಣ ತೆಲಗಾವಿ ಮತ್ತು ಬಿ. ರಾಜಶೇಖರಪ್ಪನವರ ಬರಹಗಳು ಊರೂರಿನ ಶಾಸನ, ಬಖೈರು, ವಂಶಾವಳಿ, ಹಾಡು, ಐತಿಹ್ಯಗಳನ್ನು ಆಧಾರವಾಗಿ ತೆಗೆದುಕೊಂಡವು. ಬ್ರಿಟಿಷ್ ಸರ್ವೇ ಅಧಿಕಾರಿ ಕಾಲಿನ್ ಮೆಕೆಂಜಿಯ ಕಾಲದಲ್ಲಿ ಸಂಗ್ರಹವಾದ ಕೈಫಿಯತ್ತುಗಳನ್ನು, ಅಂದರೆ ಊರೂರಿನ ಚರಿತ್ರೆಯ ವರದಿಗಳನ್ನು, ಎಂ.ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದ್ದು ಈ ಕೆಲಸಕ್ಕೆ ದೊಡ್ಡ ನೆರವಾಯಿತು.

ಇಲ್ಲಿ ಕಾಣುವ ಸಂಬಂಧ ಬೇರೆಯೇ ಬಣ್ಣದ್ದು. ಚಿತ್ರದುರ್ಗದ ಮೂಲಪುರುಷ ತಿಮ್ಮಣ್ಣನಾಯಕನ ಕಥೆಯನ್ನೇ ನೋಡಿ. ರಾಯರಿಂದ ನಾಯಕತನ ಪಡೆದ ಅವನು ಅವರ ಕೋಪಕ್ಕೆ ಗುರಿಯಾದ. ದಂಡು ಬಂದಾಗ ರಾತ್ರಿ ಶತ್ರು ಪಾಳೆಯಕ್ಕೆ ನುಗ್ಗಿ ಕುದುರೆ ಕದಿಯಲು ಹೋದ. ಹುಲ್ಲಿನಲ್ಲಿ ಅಡಗಿದ್ದಾಗ ಗೊತ್ತಿಲ್ಲದೆ ಕುದುರೆಯಾಳು ಹೊಡೆದ ಗೂಟ ಅವನ ಅಂಗೈಯನ್ನೇ ತೂರಿತು; ಅವನು ಸದ್ದು ಮಾಡಲಿಲ್ಲ. ಈ ಧೈರ್ಯಕ್ಕೆ ಮೆಚ್ಚಿ ರಾಯರು ರಾಜಧಾನಿಗೆ ಕರೆಸಿ ಮನ್ನಿಸಿದರು. ಮತ್ತೆ ಮುನಿಸು ಬಂದು, ಕೊನೆಗೆ ವಿಜಯನಗರದ ಸೆರೆಯಲ್ಲಿಯೇ ಅವನು ಸತ್ತ. ಕಥೆಯ ವಿವರಗಳು ಎಷ್ಟು ನಿಜವೋ, ಅದು ಕಾಪಾಡಿಕೊಂಡ ತಿಳಿವು ಮಾತ್ರ ಅಮೂಲ್ಯ: ದಂಗೆ, ಮೆಚ್ಚುಗೆ, ಮರ್ಯಾದೆ, ಸೆರೆ ಇವು ನಾಲ್ಕೂ ಒಂದೇ ಸಂಬಂಧದ ಹಂತಗಳು.

ಸಾಮ್ರಾಜ್ಯ ಕುಸಿದ ಮೇಲೆ ಪಾಳೆಯಗಾರರ ಕಾದಾಟ ತಮ್ಮತಮ್ಮಲ್ಲೇ ಮುಂದುವರಿಯಿತು. 1748ರ ಮಾಯಕೊಂಡದ ಯುದ್ಧದಲ್ಲಿ ಚಿತ್ರದುರ್ಗದ ಹಿರೇ ಮದಕರಿನಾಯಕ ಸತ್ತದ್ದು ಬಿದನೂರು, ಹರಪನಹಳ್ಳಿ, ರಾಯದುರ್ಗ, ಸವಣೂರುಗಳ ಕೂಟದ ಎದುರು. ಹೈದರಾಲಿ ಚಿತ್ರದುರ್ಗಕ್ಕೆ ಮುತ್ತಿಗೆ ಹಾಕಿದಾಗ ಕೋಟೆಯ ಕಿಂಡಿಯಲ್ಲಿ ಒನಕೆ ಹಿಡಿದು ನಿಂತ ಓಬವ್ವ ಗುಡೇಕೋಟೆಯ ಮಗಳು ಎಂಬ ನಂಬಿಕೆ ಈ ಭಾಗದಲ್ಲಿ ಗಟ್ಟಿಯಾಗಿದೆ. ಜನರ ನೆನಪಿನಲ್ಲಿ ನಿಷ್ಠೆ ಸಲ್ಲುವುದು ದೂರದ ಸಿಂಹಾಸನಕ್ಕಲ್ಲ, ತಮ್ಮನ್ನು ಕಾಯುವ ಕೋಟೆಗೆ.

1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟಾಗ ಪ್ರಧಾನ ಕಲೆಕ್ಟರಾಗಿ ಬಂದ ಥಾಮಸ್ ಮನ್ರೊ ಸುಮಾರು 80 ಪಾಳೆಯಗಾರರನ್ನು ಎದುರಿಸಬೇಕಾಯಿತು. ಅವರ ದಂಡನ್ನು ಚದುರಿಸಿ, ಹಲವರನ್ನು ಪಿಂಚಣಿಗೆ ಇಳಿಸಿ, ರೈತರಿಂದ ನೇರ ಕಂದಾಯ ಪಡೆಯುವ ರೈತವಾರಿ ಪದ್ಧತಿಯನ್ನು ಈ ಸೀಮೆಯಲ್ಲಿ ಬೇರೂರಿಸಿದ. ಪಾಳೆಯಗಾರರೆಂದರೆ ಕೊಳ್ಳೆ ಹೊಡೆಯುವವರು ಎಂಬ ಚಿತ್ರ ಬೆಳೆದದ್ದರಲ್ಲಿ ಅವರನ್ನು ತೆಗೆದುಹಾಕಬೇಕಿದ್ದ ಆಡಳಿತದ ಕಾಗದಪತ್ರಗಳ ಪಾಲು ದೊಡ್ಡದು. ಐದನೆಯ ವಾದದ ದೊಡ್ಡ ಸಾಧನೆ ಈ ಚಿತ್ರವನ್ನು ಪ್ರಶ್ನಿಸಿದ್ದು. ಅದರ ಅಪಾಯವೂ ಇದೆ: ವಂಶಾವಳಿ ಮತ್ತು ಐತಿಹ್ಯಗಳು ತಮ್ಮ ಮನೆಯ ಹೊಗಳಿಕೆಯನ್ನು ಬಿಟ್ಟು ಬರೆಯುವುದಿಲ್ಲ.

ಇಂಗ್ಲೆಂಡಿನ ಜೊತೆ ಇಟ್ಟು ನೋಡಿದರೆ

ಅರಸ ಮತ್ತು ದೊರೆಗಳ ಜಗಳಕ್ಕೆ ಜಗತ್ತೇ ಉದಾಹರಿಸುವ ನಾಡು ಇಂಗ್ಲೆಂಡ್. ಅಲ್ಲಿ 1215ರಲ್ಲಿ ದೊರೆಗಳು ಜಾನ್ ಅರಸನಿಂದ ಮ್ಯಾಗ್ನಾ ಕಾರ್ಟಾಕ್ಕೆ ಮುದ್ರೆ ಹಾಕಿಸಿಕೊಂಡರು. ಅರಸ ಮಾತು ತಪ್ಪಿದರೆ ಒತ್ತಾಯಿಸಲು 25 ದೊರೆಗಳ ಮಂಡಳಿಯನ್ನು ಅದರಲ್ಲೇ ಬರೆಸಿದರು. ಸೈಮನ್ ಡಿ ಮಾಂಟ್‌ಫರ್ಟ್ 1264ರಲ್ಲಿ ಮೂರನೆಯ ಹೆನ್ರಿಯನ್ನು ಲೂಯಿಸ್‌ನಲ್ಲಿ ಸೆರೆಹಿಡಿದು, 1265ರಲ್ಲಿ ಪಟ್ಟಣಗಳ ಪ್ರತಿನಿಧಿಗಳನ್ನೂ ಸೇರಿಸಿ ಪಾರ್ಲಿಮೆಂಟ್ ಕರೆದು, ಅದೇ ವರ್ಷ ಇವ್‌ಶಮ್‌ನಲ್ಲಿ ಸತ್ತ. 1327ರಲ್ಲಿ ಎರಡನೆಯ ಎಡ್ವರ್ಡ್, 1399ರಲ್ಲಿ ಎರಡನೆಯ ರಿಚರ್ಡ್ ಪಟ್ಟ ಕಳೆದುಕೊಂಡರು. ಸಾಳುವ ನರಸಿಂಹ ಗದ್ದುಗೆ ಏರಿದನೆಂದು ಹೇಳುವ 1485ರಲ್ಲಿಯೇ ಬಾಸ್ವರ್ತ್ ಯುದ್ಧ ಗೆದ್ದು ಏಳನೆಯ ಹೆನ್ರಿ ಅಲ್ಲಿ ಹೊಸ ವಂಶ ಸ್ಥಾಪಿಸಿದ.

ಅಲ್ಲಿನ ಇತಿಹಾಸಕಾರರಲ್ಲೂ ಎರಡು ಪಂಗಡಗಳಿವೆ. ವಿಲಿಯಂ ಸ್ಟಬ್ಸ್‌ನಂಥ ಹತ್ತೊಂಬತ್ತನೆಯ ಶತಮಾನದವರು ಈ ಜಗಳಗಳಲ್ಲಿ ಸಂವಿಧಾನ ಬೆಳೆದದ್ದನ್ನು ಕಂಡರು. ಕೆ.ಬಿ. ಮ್ಯಾಕ್‌ಫಾರ್ಲೇನ್ ಮತ್ತು ಅವರ ಶಿಷ್ಯರು ದೊರೆಗಳಿಗೆ ಬೇಕಿದ್ದದ್ದು ಅರಸನ ಕೃಪೆ ಮತ್ತು ಭೂಮಿ, ಒಳ್ಳೆಯ ಅರಸನ ಜೊತೆ ಸಹಕಾರವೇ ಅವರಿಗೆ ಸಹಜವಾಗಿತ್ತು ಎಂದರು. ಈ ಎರಡನೆಯ ನೋಟ ವಿಜಯನಗರಕ್ಕೆ ಚೆನ್ನಾಗಿ ಹೊಂದುತ್ತದೆ. ವ್ಯತ್ಯಾಸ ಇರುವುದು ಜಗಳ ಮುಗಿದ ಬಗೆಯಲ್ಲಿ. ಅಲ್ಲಿ ದೊರೆಗಳು ಒಟ್ಟಾಗಿ ಅರಸನ ಕೈ ಕಟ್ಟುವ ಬರಹ ಪಡೆದರು. ಇಲ್ಲಿ ನಾಯಕ ಗೆದ್ದರೆ ತಾನೇ ರಾಯನಾದ ಅಥವಾ ತನ್ನ ಸೀಮೆಯಲ್ಲಿ ಅರಸನಾದ. ಸೋತರೆ ಸೆರೆಮನೆ ಸೇರಿದ. ಸೀಮೆ ಅವನಿಗೆ ಶಾಶ್ವತ ಹಕ್ಕಾಗಿರಲಿಲ್ಲ, ಭಾಷೆ, ಕುಲ, ನಾಡು ಬೇರೆಬೇರೆಯಾಗಿದ್ದ ಇನ್ನೂರು ನಾಯಕರು ಒಂದು ಸಭೆಯಾಗಿ ಕೂಡುವ ವೇದಿಕೆಯೂ ಇರಲಿಲ್ಲ. ಮಹಾನವಮಿಯಲ್ಲಿ ಅವರೆಲ್ಲ ಕೂಡುತ್ತಿದ್ದದ್ದು ಅರಸನಿಗೆ ಕಾಣಿಕೆ ಒಪ್ಪಿಸಲು. ಅನ್ಯಾಯದ ಎದುರು ಒಟ್ಟಾಗಿ ನಿಂತು ಬರಹ ಮಾಡಿಸಿದವರು 1429ರ ಬಲಗೈ ಎಡಗೈ ಪಂಗಡದವರು ಎಂಬುದನ್ನು ನೆನಪಿಡಬೇಕು. ಈ ನೆಲದಲ್ಲಿ ಅಧಿಕಾರವನ್ನು ಮಿತಿಯಲ್ಲಿಡುವ ಆಸೆ ದೊರೆಗಳಿಗಿಂತ ಮೊದಲು ದುಡಿಯುವವರ ಕೈಯಲ್ಲಿ ಅಕ್ಷರವಾಯಿತು.

ಇನ್ನೂ ತೀರದ ಪ್ರಶ್ನೆಗಳು

ಮೊದಲನೆಯದು, ಅಮರಮಾಗಣಿ ಪಡೆದ ನಾಯಕರಿಂದ ಪಾಳೆಯಗಾರರವರೆಗಿನ ದಾರಿ. ಕೆಲವು ಪಾಳೆಯಪಟ್ಟುಗಳು ರಾಯರ ನಾಯಕತನದಿಂದ ನೇರವಾಗಿ ಇಳಿದುಬಂದವು, ಕೆಲವು ಊರಿನ ಕಾವಲಿನಿಂದ ಬೆಳೆದವು. ಯಾವುದು ಯಾವ ಬಗೆ ಎಂದು ಮಧ್ಯ ಕರ್ನಾಟಕದ ಪಟ್ಟುಗಳನ್ನು ಒಂದೊಂದಾಗಿ ಬಿಡಿಸಿ ನೋಡುವ ಕೆಲಸ ಮುಗಿದಿಲ್ಲ.

ಎರಡನೆಯದು, ಲೆಕ್ಕ. ನೂನಿಜ್ ಒಮ್ಮೆ ಅರ್ಧ ಎನ್ನುತ್ತಾನೆ, ಒಮ್ಮೆ ಮೂರನೆಯ ಒಂದು ಎನ್ನುತ್ತಾನೆ. ಬಂಡೆ ಮತ್ತು ಬರದ ಸೀಮೆಯ ನಾಯಕನಿಗೂ ಕಾವೇರಿ ಬಯಲಿನ ನಾಯಕನಿಗೂ ಒಂದೇ ದರ ಇತ್ತೇ ಎಂಬುದು ತಿಳಿಯದೆ, ಯಾರಿಗೆ ದಂಗೆ ಏಳುವ ಕಾರಣ ಹೆಚ್ಚಿತ್ತು ಎಂದು ಹೇಳಲಾಗದು.

ಮೂರನೆಯದು, 1565. ರಕ್ಕಸತಂಗಡಿಯ ಸೋಲಿಗೆ ಒಳಗಿನವರ ದ್ರೋಹ ಎಷ್ಟು ಕಾರಣ, ಸುಲ್ತಾನರ ಫಿರಂಗಿ ಮತ್ತು ಒಗ್ಗಟ್ಟು ಎಷ್ಟು ಕಾರಣ ಎಂಬ ವಾದ ನಿಂತಿಲ್ಲ. ದ್ರೋಹದ ಕಥೆ ಹೇಳುವವರೂ, ಅದನ್ನು ಅಲ್ಲಗಳೆಯುವವರೂ ತಮ್ಮ ಕಾಲದ ರಾಜಕೀಯವನ್ನು ಅದರೊಳಗೆ ತುಂಬುತ್ತಿದ್ದಾರೆ.

ನಾಲ್ಕನೆಯದು, ಬೇಡ ನಾಯಕರ ಸ್ಥಾನ. ರಾಯರು ಅವರನ್ನು ದೊಡ್ಡ ನಾಯಕರ ಎದುರಿನ ಬಲವಾಗಿ ಬೆಳೆಸಿದರು ಎಂಬ ಸ್ಟೈನ್ ಅವರ ಊಹೆಯನ್ನು ಕನ್ನಡ ಶಾಸನಗಳ ಮುಂದಿಟ್ಟು ಪರೀಕ್ಷಿಸಬೇಕು. ಅದು ನಿಂತರೆ ಗುಡೇಕೋಟೆಯಂಥ ಊರು ಸಾಮ್ರಾಜ್ಯದ ಅಂಚಿನ ಟಿಪ್ಪಣಿಯಾಗಿ ಉಳಿಯುವುದಿಲ್ಲ, ರಾಯರ ರಾಜಕೀಯ ನೀತಿಯ ನೇರ ಸಾಕ್ಷಿಯಾಗುತ್ತದೆ. ಬಿದ್ದರೆ, ಈ ಕೋಟೆಗಳು ರಾಯರಿಗಿಂತ ಹಳೆಯದಾದ ಸ್ಥಳೀಯ ಬಲವೊಂದರಿಂದ ಹುಟ್ಟಿದವು ಎಂದು ಒಪ್ಪಬೇಕಾಗುತ್ತದೆ. ಎರಡರಲ್ಲಿ ಯಾವುದೇ ಆದರೂ ಹಂಪಿಯ ಚರಿತ್ರೆಯನ್ನು ಹಂಪಿಯಲ್ಲೇ ಕೂತು ಪೂರ್ತಿ ಬರೆಯಲು ಆಗದು. ಹಂಪಿಯ ಸ್ಮಾರಕಗಳಿಗೆ ಸಿಕ್ಕಷ್ಟೇ ಶ್ರದ್ಧೆಯ ಕ್ಷೇತ್ರಕಾರ್ಯ ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಗಳ ಕೋಟೆಗಳಿಗೂ, ಶಾಸನಗಳಿಗೂ, ಮನೆತನಗಳ ಕಡತಗಳಿಗೂ ಸಿಗುವವರೆಗೆ ಈ ಪ್ರಶ್ನೆ ತೆರೆದೇ ಇರುತ್ತದೆ.